ಹಸಿರಾಗಿ ಹೊಳೆದ ಒಂದು ನರ

ಕೆಲವು ತಿಂಗಳ ಹಿಂದೆ ನನ್ನ ಅಕ್ಕನ ಮಗಳು ಪ್ರತೀಕ್ಷಾ ಮಲಾಡ್‌ನಲ್ಲಿ ಲೋಕಲ್ ರೈಲು ಹತ್ತಿದಳು. ಬಾಗಿಲ ಕಂಬಿ ಹಿಡಿದಳು. ರೈಲು ಹೊರಟಿತು, ಬೆವರಿದ ಅಂಗೈ ಜಾರಿತು. ಹಿಂದಿದ್ದ ಮೀನಿನ ಬುಟ್ಟಿಯ ಹೆಂಗಸು ಬ್ಯಾಗಿನ ಪಟ್ಟಿ ಹಿಡಿದು ಒಳಗೆ ಎಳೆಯದಿದ್ದರೆ, ನಾನು ಈ ಅಂಕಣ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಬೆವರು! ಮುಂಬಯಿಯಲ್ಲಿ ಯಾರಿಗೆ ಬೆವರುವುದಿಲ್ಲ ಹೇಳಿ? ಆದರೆ ಇವಳದು ಬೇರೆ. ಎಸಿ ಕೆಳಗೆ ಕೂತರೂ ಅಂಗೈಯಿಂದ ತೊಟ್ಟಿಕ್ಕುತ್ತಿತ್ತು. ಫೋನು ಅವಳ ಬೆರಳಿನ ಗುರುತು ಒಪ್ಪುತ್ತಿರಲಿಲ್ಲ. ಪರೀಕ್ಷೆಯಲ್ಲಿ ಪೇಪರಿನ ಮೇಲೆ ಕರ್ಚೀಫು ಹಾಸಿಕೊಂಡು ಬರೆಯುತ್ತಿದ್ದಳು. ಇಷ್ಟಾಗಿ ಅವಳು ಓದಿದ್ದೇನು? ಫಿಸಿಯೋಥೆರಪಿ. (ಕೈಯೇ ಬಂಡವಾಳ!) ಗೋರೆಗಾಂವ್‌ನ ಕ್ಲಿನಿಕ್ಕಿಗೆ ಬರುವ ಮಂಡಿನೋವಿನ ಅಜ್ಜಿಯರು ಇವಳು ಮುಟ್ಟಿದ ಕೂಡಲೇ ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು.

ಅದನ್ನು ಅವಳು ಮನೆಯಲ್ಲಿ ಹೇಳಿರಲೇ ಇಲ್ಲ. ಕೈ ಜಾರಿದ ಆ ದಿನ ಸಂಜೆ ಬಾಯಿಬಿಟ್ಟಳು. "ಮಾಮಾ, ಪೇಷೆಂಟ್ ಒರೆಸಿಕೊಂಡ್ರೆ ನಂಗೆ ಈ ಕೈ ಕಟ್ ಮಾಡಿ ಬಿಸಾಡುವಾ ಅನ್ನಿಸ್ತದೆ. ಸಚ್ ಮೇ."

ಕ್ರೀಮು, ಮಾತ್ರೆ ಎಲ್ಲ ಮುಗಿದಿತ್ತು. ಉಳಿದದ್ದು ಆಪರೇಷನ್. ನಾನು, ಭಾವ, ಪ್ರತೀಕ್ಷಾ ಸರ್ಜನ್ ಹತ್ತಿರ ಹೋದೆವು. ಸದಾನಂದ ಭಾವ ಜೋಗೇಶ್ವರಿಯ ಒಂದು ಹೋಟೆಲಿನ ಮ್ಯಾನೇಜರ್. ಊರು ಉಡುಪಿ ಕಡೆ. ಆಸ್ಪತ್ರೆಯೆಂದರೆ ಮೆಟ್ಟಿಲಲ್ಲೇ ಬಿಪಿ ಏರಿಸಿಕೊಳ್ಳುವ ಮನುಷ್ಯ.

ಡಾಕ್ಟರು ಚಿತ್ರ ಬರೆದು ತೋರಿಸಿದರು. ಎದೆಯೊಳಗೆ, ಬೆನ್ನುಮೂಳೆಯ ಎರಡೂ ಪಕ್ಕ ಒಂದೊಂದು ನರ ಇಳಿಯುತ್ತದೆ. ಅಂಗೈಗೆ "ಬೆವರು" ಎಂಬ ಆಜ್ಞೆ ಹೋಗುವುದು ಅದರಿಂದ. ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ, ಸರಿಯಾದ ಜಾಗದಲ್ಲಿ ಅದನ್ನು ತುಂಡರಿಸಿದರೆ ಕೈ ಒಣಗುತ್ತದೆ.

"ನರ ತುಂಡರಿಸಿದರೆ ರಕ್ತ ಚಿಮ್ಮುವುದಿಲ್ವಾ?" ಭಾವ ಬೆಚ್ಚಿದರು. (ಅವರ ತಪ್ಪಲ್ಲ. ಇಂಜೆಕ್ಷನ್ ಚುಚ್ಚುವ ರಕ್ತನಾಳವನ್ನೂ ನಾವು ನರ ಅಂತಲೇ ಅನ್ನುತ್ತೇವೆ.) ಇದು ರಕ್ತದ್ದಲ್ಲ, ಸುದ್ದಿ ಒಯ್ಯುವ ತಂತು ಎಂದು ನಾನು ಬಿಡಿಸಿ ಹೇಳಿದೆ.

ಡಾಕ್ಟರು ಇನ್ನೂ ಎರಡು ವಿಷಯ ಮುಚ್ಚಿಡದೆ ಹೇಳಿದರು. ಆಮೇಲೆ ಬೆನ್ನು ಹೆಚ್ಚು ಬೆವರಬಹುದು. ಮತ್ತು ಆ ಜಾಗಕ್ಕಿಂತ ಸ್ವಲ್ಪ ಮೇಲೆ ಪೆಟ್ಟಾದರೆ ಕಣ್ಣಿನ ರೆಪ್ಪೆ ಇಳಿಬೀಳಬಹುದು. ಪ್ರತೀಕ್ಷಾಗೆ ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿ ಎಡಗಡೆ ಎದೆಯ ಒಳಪೊರೆ ದಪ್ಪಗಾಗಿದೆ. ಅಲ್ಲಿ ನರ ಕಾಣುವುದೇ ಕಷ್ಟ.

ಭಾವ ಎದ್ದೇ ನಿಂತರು. "ನಡಿ ಮಗಾ, ಮನೆಗೆ ಹೋಗುವ. ಕೈ ಬೆವರಿದರೆ ಬೆವರಲಿ. ಕಣ್ಣು ಹಾಳುಮಾಡಿಕೊಳ್ಳುವುದು ಬೇಡ."

ಪ್ರತೀಕ್ಷಾ ಏಳಲಿಲ್ಲ. "ಅಪ್ಪಾ, ರೆಪ್ಪೆ ಬಿದ್ರೂ ನಾನು ಕೆಲಸ ಮಾಡ್ತೇನೆ. ಈ ಕೈಯಲ್ಲಿ ಮಾಡ್ಲಿಕ್ಕೆ ಆಗುದಿಲ್ಲ."

ಆಗ ಡಾಕ್ಟರು ಭಾವನನ್ನು ಕೂರಿಸಿ ಬಣ್ಣದ ವಿಷಯ ತೆಗೆದರು. ಹಿಂದಿನ ದಿನವೇ ರಕ್ತನಾಳದಲ್ಲಿ ಒಂದು ಡೈ ಕೊಡುತ್ತಾರಂತೆ. ಮರುದಿನಕ್ಕೆ ಸುತ್ತಲಿನ ಭಾಗದಿಂದ ಅದು ಬಹುಪಾಲು ಇಳಿದುಹೋಗುತ್ತದೆ, ನರದಲ್ಲಿ ಉಳಿಯುತ್ತದೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಅದರ ಮೇಲೆ ಬಿಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ, ಸ್ಕ್ರೀನಿನ ಮೇಲೆ ನರ ಹಸಿರಾಗಿ ಹೊಳೆಯುತ್ತದೆ.

"ಗ್ಯಾರಂಟಿ ಕೊಡಲ್ಲ," ಎಂದರು ಹಿಂದಿಯಲ್ಲಿ. "ಒಬ್ಬೊಬ್ಬರಲ್ಲಿ ಮಂಕಾಗಿ ಕಾಣುತ್ತೆ. ಆದರೆ ಕತ್ತಲೆಯಲ್ಲಿ ತಡಕಾಡೋದಕ್ಕಿಂತ ಇದು ವಾಸಿ ಅಲ್ವಾ?"

ಭಾವ ಒಪ್ಪಿದರು. ಮನಸ್ಸಿನಿಂದಲ್ಲ, ಮಗಳ ಮುಖ ನೋಡಿ.

ಆಪರೇಷನ್ನಿನ ಹಿಂದಿನ ದಿನ ನರ್ಸ್ ತಂದ ಔಷಧ ಕಡು ಹಸಿರು. "ನಮ್ಮ ಪುದೀನ ಚಟ್ನಿ ಇದಕ್ಕಿಂತ ತೆಳು," ಎಂದು ಭಾವ ಗೊಣಗಿದರು. ಪ್ರತೀಕ್ಷಾ ನಕ್ಕಳು. ಅಕ್ಕ ಮಾತ್ರ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದಳು.

ಮರುದಿನ ಆಪರೇಷನ್. ನಾವು ಥಿಯೇಟರ್ ಹೊರಗೆ ಕೂತಿದ್ದೆವು. ಭಾವ ಪೇಪರ್ ತಲೆಕೆಳಗಾಗಿ ಹಿಡಿದಿದ್ದರು.

ಕೊನೆಗೆ ಡಾಕ್ಟರು ಹೊರಬಂದು ನಮ್ಮನ್ನು ಒಳಕೋಣೆಗೆ ಕರೆದರು. ರೆಕಾರ್ಡಿಂಗ್ ತೋರಿಸಿದರು. ಬಲಗಡೆ ಸಲೀಸು. ಎಡಗಡೆ ಬಂದಾಗ ಮಾಮೂಲಿ ಬೆಳಕಿನಲ್ಲಿ ಒಂದು ಬಿಳಿ ಪಟ್ಟಿ ಕಂಡಿತು. "ಇದೇ ನರ ಅನ್ಸುತ್ತೆ ಅಲ್ವಾ?" ಎಂದರು. ನಾವು ತಲೆಯಾಡಿಸಿದೆವು. ಅವರು ಕ್ಯಾಮೆರಾ ಬದಲಾಯಿಸಿದ ದೃಶ್ಯ ಬಂತು. ಬಿಳಿ ಪಟ್ಟಿ ಕತ್ತಲಲ್ಲಿ ಮಾಯ. ಬೆರಳಗಲ ದೂರದಲ್ಲಿ, ಪೊರೆಯ ಅಡಿಯಲ್ಲಿ, ಮಣಿ ಪೋಣಿಸಿದಂಥ ಹಸಿರು ಎಳೆಯೊಂದು ಮೂಡಿತು. ಅದು ನಿಜವಾದ ನರ. ಪಟ್ಟಿ ಬರೀ ಹಳೆಯ ನ್ಯುಮೋನಿಯಾ ಉಳಿಸಿದ ಕಲೆ. ರೆಪ್ಪೆಗೆ ಸೇರಿದ ಮೇಲಿನ ಭಾಗವೂ ಹಸಿರಾಗಿ ಕಂಡದ್ದರಿಂದ, ಅದನ್ನು ಮುಟ್ಟದೆ ಕೆಳಗೆ ತುಂಡರಿಸಿದ್ದರು.

"ನಾನೂ ಮೊದಲು ಪಟ್ಟಿಯನ್ನೇ ನಂಬಿದ್ದೆ," ಎಂದರು ಡಾಕ್ಟರು.

ಇಷ್ಟು ವರ್ಷದ ಅನುಭವಸ್ಥರು ಹೀಗೆ ಹೇಳಿಬಿಡುವುದು ಎಷ್ಟು ದೊಡ್ಡದು! ಆ ಬಣ್ಣ ಕಂಡುಹಿಡಿದವರು, ಆ ಬೆಳಕು ಹೊಂದಿಸಿದವರು ಎಲ್ಲಿದ್ದಾರೋ. ಮಲಾಡ್‌ನ ಹುಡುಗಿಯೊಬ್ಬಳ ರೆಪ್ಪೆ ಕಾಪಾಡಿದ್ದೇವೆಂದು ಅವರಿಗೆ ಗೊತ್ತೇ ಆಗುವುದಿಲ್ಲ.

ಎಚ್ಚರವಾದಾಗ ಪ್ರತೀಕ್ಷಾಳ ಎರಡೂ ಕಣ್ಣು ನೆಟ್ಟಗೆ ತೆರೆದವು. ಭಾವ ಅವಳ ಅಂಗೈ ಹಿಡಿದರು. ಬೆಚ್ಚಗಿತ್ತು, ಒಣಗಿತ್ತು. ತಿರುಗಿಸಿ ನೋಡಿದರು, ಮತ್ತೆ ಹಿಡಿದರು.

ಈಗ ಅವಳ ಬೆನ್ನು ಜಾಸ್ತಿ ಬೆವರುತ್ತದೆ. "ಚಲ್ತಾ ಹೈ ಮಾಮಾ, ಬೆನ್ನಿಗೆ ಯಾರೂ ಶೇಕ್‌ಹ್ಯಾಂಡ್ ಕೊಡುದಿಲ್ಲ," ಅನ್ನುತ್ತಾಳೆ. ಕ್ಲಿನಿಕ್ಕಿನ ಅಜ್ಜಿಯೊಬ್ಬರು ಮೊನ್ನೆ, "ನಿನ್ನ ಕೈ ಎಷ್ಟು ಹಿತ ಮಗಾ, ಇನ್ನೂ ಸ್ವಲ್ಪ ಒತ್ತು" ಎಂದರಂತೆ.

ಡಿಸ್ಚಾರ್ಜ್ ದಿನ ಭಾವ ಡಾಕ್ಟರ ಎರಡೂ ಕೈ ಹಿಡಿದುಕೊಂಡಿದ್ದರು. ಡಾಕ್ಟರು ಹೇಳಿದ್ದು ಇಷ್ಟೇ: "ಎಲ್ಲಿ ಕತ್ತರಿಸಬಾರದು ಅಂತ ಕಾಣಿಸ್ತು, ಅದಕ್ಕೇ ಚೆನ್ನಾಗಾಯ್ತು."

ಕತ್ತರಿ ಹಿಡಿದು ಓಡಾಡುವ ನಾವೆಲ್ಲ, ಮನೆಯಲ್ಲಿ, ಆಫೀಸಿನಲ್ಲಿ, ಒಮ್ಮೆಯಾದರೂ ನಿಂತು ಹಾಗೆ ನೋಡುತ್ತೇವೆಯೇ?