ಇಳಿದ ಶಟರಿನ ಸಿಟ್ಟು

ಮುಂಬೈಯ ಆಂಟಾಪ್ ಹಿಲ್‌ನಲ್ಲಿ ಅಂಗಡಿಗಳ ಶಟರ್ ರಿಪೇರಿ ಮಾಡುವ ಚಾಂದಸಾಬನ ಎಡಗೈಯಲ್ಲಿ ಮೂರೇ ಬೆರಳು. ಇನ್ನೆರಡು ಹೇಗೆ ಹೋದವೆಂದು ಯಾರೂ ಕೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ. ವಿಜಯಪುರದಿಂದ ಬಂದ ಹೊಸತರಲ್ಲಿ, ಇಳಿಸಿದ್ದ ಶಟರಿನ ಬೋಲ್ಟಿಗೆ ಪಾನಾ ಹಾಕಿ ಬಿಚ್ಚಿದ್ದನಂತೆ. ಒಳಗಿನ ಸ್ಪ್ರಿಂಗ್ ಗರ್ರನೆ ತಿರುಗಿ ಪಾನಾ ಕೈಗೇ ಬಡಿಯಿತಂತೆ. ಅಂದಿನಿಂದ ಸಿಕ್ಕವರಿಗೆಲ್ಲ ಅವನ ಪಾಠ. ಶಟರ್ ಮೇಲಿದ್ದಾಗ ಶಕ್ತಿ ಅದರ ಭಾರದಲ್ಲಿ ಕೂತಿರುತ್ತದೆ. ಕೆಳಗೆಳೆದರೆ ಸ್ಪ್ರಿಂಗ್ ಸುತ್ತಿಕೊಂಡು, ಆ ಶಕ್ತಿ ಅದರೊಳಗೆ ಹೋಗಿ ಸೇರುತ್ತದೆ. ಹಾಗಾಗಿ ಮೊದಲು ಶಟರ್ ಎತ್ತಿ, ಕೆಳಗೆ ಬಿದಿರಿನ ಬಂಬು ಆನಿಸಿ, ಆಮೇಲೆ ಬೋಲ್ಟ್ ಮುಟ್ಟಬೇಕು. ನನ್ನ ಹಿಟ್ಟಿನ ಗಿರಣಿಯ ಸದ್ದಿನಲ್ಲೂ ಇದನ್ನು ನೂರು ಸಲ ಕೇಳಿ ನನಗೆ ಸಾಕಾಗಿದೆ.

ಅವನ ಮಗಳು ಜೇಬುನ್ನೀಸಾ ಹತ್ತನೇ ಕ್ಲಾಸು. ಗಿರಣಿಯ ಪಕ್ಕದಲ್ಲೇ ಇರುವ ಸಿದ್ದಲಿಂಗಪ್ಪ ಸರ್ ಟ್ಯೂಷನ್ನಿಗೆ ಹೋಗುತ್ತಾಳೆ. ಧಾರವಾಡದ ಈ ಮಹಾನುಭಾವರ ಬೋರ್ಡಿನಲ್ಲಿ ಹೆಸರಿಗಿಂತ ಡಿಗ್ರಿಗಳೇ ಉದ್ದ. ಪ್ರಚ್ಛನ್ನ ಶಕ್ತಿಗೆ ಅವರ ನೋಟ್ಸಿನಲ್ಲಿದ್ದ ಉದಾಹರಣೆ ಒಂದೇ, ಗುಡ್ಡದ ಮೇಲಿನ ಕಲ್ಲು. ಸ್ಪ್ರಿಂಗಿನ ಪುಟವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಹಾರಿಸಿಬಿಟ್ಟಿದ್ದರು. ಟೆಸ್ಟಿನಲ್ಲಿ ಹುಡುಗಿ ಅಪ್ಪನ ಶಟರ್ ಬರೆದಳು. ಸರ್ ಅದನ್ನು ಎಲ್ಲರೆದುರು ಓದಿ, ನೆಲ ಮುಟ್ಟಿದ ವಸ್ತುವಿಗೆ ಎಲ್ಲಿಯ ಶಕ್ತಿ ಎಂದು ನಗಿಸಿ, ಸೊನ್ನೆ ಹಾಕಿದರು. ಅವಳು ಮನೆಗೆ ಬಂದವಳೇ, ಅಬ್ಬಾ ಹೇಳಿದ್ದನ್ನು ಇನ್ನೆಂದೂ ಬರೆಯುವುದಿಲ್ಲ, ಆ ಕ್ಲಾಸಿಗೂ ಹೋಗುವುದಿಲ್ಲ ಎಂದಳು. ಚಾಂದಸಾಬ ಎರಡು ದಿನ ಯಾರಿಗೂ ಪಾಠ ಹೇಳಲಿಲ್ಲ.

ಮುಂದಿನ ವಾರ ಸರ್ ಕ್ಲಾಸಿನ ಶಟರೇ ಕೆಳಗೆ ಸಿಕ್ಕಿಹಾಕಿಕೊಂಡಿತು. ಹುಡುಗರೆಲ್ಲ ರಸ್ತೆಯಲ್ಲಿ. ಕರೆ ಹೋದದ್ದು ಚಾಂದಸಾಬನಿಗೆ. ಒಲ್ಲೆನೆಂದ ಮಗಳನ್ನೂ ಎಳೆದುಕೊಂಡು ಬಂದ. ಸಲಾಕೆ ಹಾಕಿ ಶಟರ್ ಎತ್ತಬೇಕು, ಒಂದು ತಾಸು ಹಿಡಿಯುತ್ತದೆ ಎಂದ. ಸರ್‌ಗೆ ಪುರುಸೊತ್ತಿಲ್ಲ. ಪಾನಾ ಕಸಿದುಕೊಂಡು ತಾವೇ ಏಣಿ ಹತ್ತಿದರು.

“ಕೆಳಗ ಬಂದು ಕುಂತೈತಿ, ಇದರಾಗ ಇನ್ನೇನ್ ಶಕ್ತಿ ಇರ್ತೈತೋ ಮಾರಾಯಾ?”

ಬಿಚ್ಚಲಿ, ಒಂದು ಸಲ ಗೊತ್ತಾಗಲಿ ಎಂದು ನನಗನಿಸಿದ್ದು ಸುಳ್ಳಲ್ಲ. ಚಾಂದಸಾಬ ಏಣಿ ಹಿಡಿದು ನಿಂತ.

“ಬಿಚ್ಚರಿ ಸರ. ಆದ್ರ ಎಡಗೈಲೆ ಬಿಚ್ಚರಿ. ಬಲಗೈ ಪೇಪರ್ ತಿದ್ದಾಕ ಬೇಕಾಗ್ತೈತಿ.”

ಏಣಿ ಹಿಡಿದ ಆ ಮೂರು ಬೆರಳುಗಳನ್ನು ಸರ್ ಮೇಲಿನಿಂದ ನೋಡಿದರು. ಅಷ್ಟರಲ್ಲಿ ಅವರಿಗೆ ಒಂದು ಅರ್ಜೆಂಟ್ ಫೋನ್ ನೆನಪಾಯಿತು, ಇಳಿದರು. ಚಾಂದಸಾಬ ಶಟರ್ ಎತ್ತಿ, ಬಂಬು ಕೊಟ್ಟು, ಬೋಲ್ಟನ್ನು ಒಂದೊಂದೇ ಸುತ್ತು ಸಡಿಲಿಸಿದ. ಆಗಲೂ ಸ್ಪ್ರಿಂಗಿನಲ್ಲಿ ಉಳಿದಿದ್ದ ಬಿಗಿ ಪಾನಾವನ್ನು ಅವನ ಕೈಯಿಂದ ಕಿತ್ತು ಚರಂಡಿಗೆ ಎಸೆಯಿತು. ಹುಡುಗರು ದಡಬಡಿಸಿ ಹಿಂದೆ ಸರಿದರು. ಎಲ್ಲರಿಗಿಂತ ಹಿಂದೆ ಸರ್ ಇದ್ದರು.

ಬೆವರೊರೆಸಿಕೊಂಡು ಅವರು ಜೇಬುನ್ನೀಸಾಳನ್ನು ಮೆಲ್ಲಗೆ ಬದಿಗೆ ಕರೆದರು. ನಾಳೆ ಆಫೀಸಿಗೆ ಪೇಪರ್ ತಾ, ಮಾರ್ಕ್ಸ್ ಸರಿಮಾಡುತ್ತೇನೆ, ಯಾರಿಗೂ ಹೇಳಬೇಡ ಎಂದರು. ಅವಳು ಚೀಲದಿಂದ ಅಲ್ಲೇ ಪೇಪರ್ ತೆಗೆದಳು.

“ಸರ, ಸೊನ್ನೆ ಎಲ್ಲಾರ ಮುಂದ ಹಾಕಿದ್ರಿ. ಮಾರ್ಕ್ಸ್ ಭೀ ಸಬ್ ಕೆ ಸಾಮನೆ ಹಾಕ್ರಿ.”

ಹುಡುಗರೆಲ್ಲ ಇತ್ತ ತಿರುಗಿದ್ದರು. ಸರ್ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಅವಳ ಉತ್ತರವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದರು. ಏಣಿಯ ಮೇಲಿದ್ದ ಚಾಂದಸಾಬ ಕೆಲಸ ಬಿಟ್ಟು, ಬಾಯಿ ಮುಚ್ಚಿಕೊಂಡು ಕೇಳಿದ.