ನೋಡಿದ್ದು ಬೇರೆ, ಕಂಡದ್ದು ಬೇರೆ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ದಾಂಡೇಲಿಯ ನಮ್ಮ ಓಣಿಯ ನಳದ ಮುಂದೆ ಕೊಡ ಇಟ್ಟುಕೊಂಡು, ಪಾಳಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು. "ಮಳಿಗಾಲದಾಗ ಕಾಳಿ ಹೊಳಿ ಬೇಕಾದ್ರ ಈಜಿ ದಾಟ್ಯಾಳು. ಇಂಗ್ಲಿಷ್ ದಾಟೂದು ಇಕಿ ಕೈಲೆ ಆಗಂಗಿಲ್ಲ."

ಅತ್ತೆ ಸುಳ್ಳೇನೂ ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹತ್ತನೆಯ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ಬಿ.ಎ.ಯ ಉಳಿದೆಲ್ಲ ವಿಷಯ ಪಾಸಾಗಿದ್ದೆ, ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಅದೊಂದಿಲ್ಲದೆ ಪದವಿ ಇಲ್ಲ. ಹಳಿಯಾಳದ ಬಟ್ಟೆ ಅಂಗಡಿಯೊಂದರಲ್ಲಿ ನನಗಾಗಿ ಕೆಲಸದ ಮಾತೂ ಆಡಿ ಬಂದಿದ್ದಳು ಅತ್ತೆ. ಈ ಸಲವೂ ಫೇಲಾದರೆ ಓದು ಬಿಟ್ಟು ಅಲ್ಲಿಗೆ ಹೋಗುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ.

ನನ್ನನ್ನು ಕೆಡವುತ್ತಿದ್ದದ್ದು ದೊಡ್ಡ ದೊಡ್ಡ ಶಬ್ದಗಳಲ್ಲ. ಸೀ, ಲುಕ್, ವಾಚ್, ಹಿಯರ್, ಲಿಸನ್. ನನಗೆ ಮೊದಲ ಮೂರೂ 'ನೋಡು', ಆಮೇಲಿನ ಎರಡೂ 'ಕೇಳು'. ಪಿಕ್ಚರ್ ನೋಡು, ದಾರಿ ನೋಡು, ಸಾರಿಗೆ ಉಪ್ಪು ಸಾಕೇನು ನೋಡು. ನಮ್ಮಲ್ಲಿ ನಾಲಿಗೆಯೂ ನೋಡುತ್ತದೆ. ಕೇಳುವುದಂತೂ ಕಿವಿಗೂ ಅದೇ, ಬಾಯಿಗೂ ಅದೇ. ಹೀಗಾಗಿ 'ಸರ್‌ಗೆ ಒಂದು ಪ್ರಶ್ನೆ ಕೇಳಿದೆ' ಎನ್ನಲು 'ಐ ಹರ್ಡ್ ಎ ಕ್ವೆಶ್ಚನ್ ಟು ಸರ್' ಎಂದು ಬರೆದೆ. ಸರ್ ಅದನ್ನು ಕ್ಲಾಸಿನಲ್ಲಿ ಓದಿ, "ಪ್ರಶ್ನಿ ಬಾಯಿಲೆ ಕೇಳಬೇಕವಾ, ಕಿವಿಲೆ ಅಲ್ಲ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಮಾತ್ರ ಸೇರಲಿಲ್ಲ.

ಅಪ್ಪ ಕಟ್ಟಿಗೆ ಡಿಪೋದಲ್ಲಿ ವಾಚ್‌ಮನ್. ಸಂಜೆ ಅವನಿಗೆ ಡಬ್ಬಿ ಒಯ್ಯುವವಳು ನಾನು. ಅಲ್ಲಿಯ ಮರಗಳಿಗೆ ಹಾರ್ನ್‌ಬಿಲ್ ಹಕ್ಕಿಗಳು ಬರುತ್ತವೆ, ಅವುಗಳ ಹಿಂದೆ ದುರ್ಬೀನು ಹಿಡಿದ ಪ್ರವಾಸಿಗರು ಬರುತ್ತಾರೆ. ಪರೀಕ್ಷೆ ಹತ್ತಿರ ಬಂದಿದ್ದಾಗ ಒಂದು ಸಂಜೆ ಹೋದರೆ, ಕನ್ನಡ ಬಾರದ ಹೆಂಗಸೊಬ್ಬಳಿಗೆ ಅಪ್ಪ ಕೈಚಾಚಿ ಕೊಂಬೆ ತೋರಿಸುತ್ತ "ಲುಕ್, ಲುಕ್" ಅನ್ನುತ್ತಿದ್ದ. ಆಕೆ ದುರ್ಬೀನನ್ನು ಅತ್ತಿತ್ತ ತಿರುಗಿಸಿ ಹೇಳಿದಳು: "ಐ ಆಮ್ ಲುಕಿಂಗ್, ಬಟ್ ಐ ಕಾಂಟ್ ಸೀ ಇಟ್."

ಡಬ್ಬಿ ಹಿಡಿದುಕೊಂಡು ಅಲ್ಲೇ ನಿಂತೆ. ನೋಡುತ್ತಿದ್ದೇನೆ, ಆದರೆ ಕಾಣುತ್ತಿಲ್ಲ. ಇದು ನಮ್ಮ ಮನೆಯ ಮಾತೇ ಅಲ್ಲವೇ? ಕಣ್ಣಿಗೆ ಪೊರೆ ಬಂದ ಅತ್ತೆ ಸೂಜಿಗೆ ದಾರ ಪೋಣಿಸಲು ಕೂತು ಗೊಣಗುವುದೂ ಇದನ್ನೇ. ನೋಡುವುದು ನಾವು ಮಾಡುವ ಕೆಲಸ, ಕಾಣುವುದು ತಾನಾಗಿ ಕಣ್ಣಿಗೆ ಬೀಳುವುದು. ಇದು ತಲೆಯಲ್ಲಿ ಕೂರುವಷ್ಟರಲ್ಲಿ ಆಕೆ ಬೆರಳೆತ್ತಿ "ಲಿಸನ್" ಎಂದಳು. ಕಿವಿಗೊಟ್ಟೆವು. ಮೊದಲು ಏನೂ ಇಲ್ಲ. ಆಮೇಲೆ ಕೇಳಿಸಿತು, ಯಾರೋ ದಪ್ಪ ಕಂಬಳಿ ಝಾಡಿಸಿದಂಥ ರೆಕ್ಕೆಯ ಸದ್ದು. ಕಿವಿಗೊಟ್ಟದ್ದು ಲಿಸನ್, ಕೇಳಿಸಿದ್ದು ಹಿಯರ್.

ಇನ್ನೊಂದು ಹಕ್ಕಿ ಬಂದು ಕೂತಿತು. ಅದು ಹಣ್ಣನ್ನು ಮೇಲಕ್ಕೆ ಚಿಮ್ಮಿಸಿ ನುಂಗುವುದನ್ನು ಆಕೆ ಕಣ್ಣು ಕೀಳದೆ ನೋಡುತ್ತಲೇ ಇದ್ದಳು, ಮುಂದೇನು ಮಾಡೀತೋ ಎಂದು ಕಾಯುತ್ತ. ಹಾಗೆ ಕಾದು ನೋಡುವುದಕ್ಕೆ ಬೇಕಾದ ಶಬ್ದ ಅಪ್ಪನ ನೌಕರಿಯಲ್ಲೇ ಇತ್ತು. ಅವನನ್ನು ಯಾರೂ ಲುಕ್‌ಮನ್ ಅನ್ನುವುದಿಲ್ಲ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರ ದಿನಾ ಡಬ್ಬಿ ತಾ, ಪಾಸಾಗ್ತಿ" ಎಂದು ನಕ್ಕು ಊಟಕ್ಕೆ ಕೂತ.

ಅವತ್ತಿನಿಂದ ಯಾವ ಇಂಗ್ಲಿಷ್ ಶಬ್ದ ಎದುರಾದರೂ ಇದಕ್ಕೆ ನಮ್ಮ ಮನೆಯಲ್ಲಿ ಏನನ್ನುತ್ತೇವೆ ಎಂದು ಮೊದಲು ಹುಡುಕಿದೆ. ಒಂದು ಗಂಟು ಬಿಚ್ಚಿದ್ದೇ ತಡ, ಉಳಿದವೂ ಸಡಿಲಾದವು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಅವೇ ಐದು ಶಬ್ದಗಳು ಬಂದು ಕೂತಿದ್ದವು. ಮೊದಲೆಲ್ಲ ಸಾಲ ಕೊಟ್ಟವರನ್ನು ಕಂಡಂತೆ ಅವುಗಳೆದುರು ಬೆವರುತ್ತಿದ್ದವಳು ಅಂದು ಬೀಗರನ್ನು ಕರೆದು ಕೂರಿಸಿದಂತೆ ಒಂದೊಂದನ್ನೂ ಅದರದರ ಜಾಗಕ್ಕೆ ಕೂರಿಸಿದೆ. ಪಾಸಾದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ: ನಮ್ಮ ಮನೆತನದ ಮೊದಲ ಪದವೀಧರೆ ನಾನು.

ಕಾಲೇಜಿನ ಹಾಲ್‌ನಲ್ಲಿ ನನ್ನ ಹೆಸರು ಕೂಗಿದಾಗ ಅಪ್ಪ ಒಗೆದ ಖಾಕಿಯಲ್ಲೇ ಎದ್ದು ನಿಂತುಬಿಟ್ಟಿದ್ದ. ಸರ್ಟಿಫಿಕೇಟ್ ಹಿಡಿದು ನೆಟ್ಟಗೆ ಮನೆಗೆ ಬಂದೆ. ಅತ್ತೆ ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳ ಕೈಗೇ ಕೊಟ್ಟೆ. ಸೆರಗಿಗೆ ಬೆರಳು ಒರೆಸಿಕೊಂಡು ತೆಗೆದುಕೊಂಡಳು, ಬೆಳಕಿಗೆ ಹಿಡಿದಳು, ಹತ್ತಿರ ತಂದಳು, ದೂರ ಒಯ್ದಳು.

"ನೋಡಾಕತ್ತೇನಿ ತಂಗಿ, ಒಂದ್ ಅಕ್ಷರ ಕಾಣವಲ್ದು," ಎಂದಳು. "ನೀನ ಓದು, ನಾ ಕೇಳ್ತೇನಿ. ಜೋರಾಗಿ ಓದು, ನಳದ ತನಾ ಕೇಳಸ್ಲಿ."