ತಾತ ಹೆಮ್ಮಿಗೆಗೆ ಹೋಗಿದ್ದಾರೆ

ಮನೆಯ ಯಾವುದೋ ಮೂಲೆಯಿಂದ ಇಲಿ ಸತ್ತ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಸೊಸೆ ಪೊರಕೆ ಹಿಡಿದು ಮಂಚದಡಿ ಹುಡುಕುತ್ತಾಳೆ, ಮೊಮ್ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ, ನಾನು ಎದ್ದು ಜಗುಲಿಗೆ ಹೋಗಿ ಕೂರುತ್ತೇನೆ. ಅವರಿಗೆ ಅದೊಂದು ಸತ್ತ ಇಲಿ, ಅಷ್ಟೆ. ನನಗೆ ಅದು ನಂಜನಗೂಡಿನ ನಮ್ಮ ನಾಡಹೆಂಚಿನ ಮನೆ, ನಡುಮನೆಯ ಕತ್ತಲಲ್ಲಿ ಆಳೆತ್ತರ ನಿಂತಿದ್ದ ರಾಗಿಯ ಮಣ್ಣಿನ ವಾಡೆಗಳು, ಅವುಗಳ ಹಿಂದೆ ಒಂದು ಬೆಳಿಗ್ಗೆ ಅಜ್ಜಿ ಸೀಮೆಎಣ್ಣೆ ಬುಡ್ಡಿ ಹಿಡಿದು ಬಗ್ಗಿ ನೋಡಿ ಹಿಂದಕ್ಕೆ ಸರಿದದ್ದು. ಮಹಾರಾಜರ ಕಾಲ ಅದು. ನನಗೆ ಆಗ ಒಂಬತ್ತು ವರ್ಷ.

ನನ್ನನ್ನು ಸಾಕಿದವರು ತಾಯಿಯ ತಂದೆತಾಯಿ, ನಂಜಪ್ಪ ಮತ್ತು ಸಿದ್ದಮ್ಮ. ಕಪಿಲೆಯ ದಂಡೆಯಲ್ಲಿ ಅವರಿಗೆ ಸ್ವಲ್ಪ ಬಾಳೆತೋಟ, ಅದರಾಚೆ ರಾಗಿಯ ಹೊಲ ಇತ್ತು. ಅಜ್ಜಿ ಹನ್ನೊಂದನೆಯ ವಯಸ್ಸಿಗೆ ಆ ಮನೆ ಸೇರಿದವಳು. ನಲವತ್ತು ವರ್ಷ ಇಬ್ಬರೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ದುಡಿದಿದ್ದರು. ಅವನು ಪಾತಿ ಕಡಿದರೆ ಇವಳು ನೀರು ತಿರುಗಿಸುತ್ತಿದ್ದಳು, ಅವನು ಗೊನೆ ಕೊಯ್ದರೆ ಇವಳು ಹೊಗೆ ಹಾಕಿ ಹಣ್ಣು ಮಾಡುತ್ತಿದ್ದಳು. ನಮ್ಮ ಮನೆಗೆ ಯಾವಾಗಲೂ ಹೊಗೆಯಲ್ಲಿ ಮಾಗಿದ ರಸಬಾಳೆಯ ವಾಸನೆ, ವಿಭೂತಿಯ ವಾಸನೆ, ಹಸುವಿನ ಉಸಿರಿನ ವಾಸನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತಾತ ಕಣ್ಣು ತೆರೆಯುವ ಹೊತ್ತಿಗೆ ಸರಿಯಾಗಿ ಅವನ ಮುಂದೆ ತಟ್ಟೆ ಇರುತ್ತಿತ್ತು. ಆದರೆ ಇಟ್ಟವಳು ಮಾತನಾಡುತ್ತಿರಲಿಲ್ಲ. 'ಗೌರಿ, ಮುದ್ದೆ ಆರ್ತದೆ ಅಂತ ನಿಮ್ ತಾತಂಗೆ ಯೋಳು' ಎನ್ನುತ್ತಿದ್ದಳು, ತಾತ ಎರಡು ಮಾರು ದೂರದಲ್ಲೇ ಕೂತಿದ್ದರೂ. ನಾನು ಹೇಳುತ್ತಿದ್ದೆ. 'ಉಪ್ಪು ಬೇಕು ಅಂತ ಯೋಳವ್ವ' ಎನ್ನುತ್ತಿದ್ದ ತಾತ. ಅದನ್ನೂ ಹೇಳುತ್ತಿದ್ದೆ. ಎಲ್ಲ ಮನೆಗಳಲ್ಲೂ ಮಕ್ಕಳ ಕೆಲಸ ಇದೇ ಎಂದು ನಾನು ತಿಳಿದುಕೊಂಡಿದ್ದೆ.

ಹಾಗಲ್ಲವೆಂದು ತಿಳಿದದ್ದು ಪಕ್ಕದ ಮನೆಯ ಕೆಂಪಮ್ಮನಿಂದ. ಆಕೆ ಗಂಡ ತೀರಿಕೊಂಡವಳು, ನಮ್ಮ ತೋಟಕ್ಕೇ ಕೂಲಿಗೆ ಬರುತ್ತಿದ್ದವಳು. ಅವಳ ಒಬ್ಬಳೇ ಮಗಳು ನಾಗಿ ನನ್ನ ಓರಗೆಯವಳು. ಕೆಂಪಮ್ಮ ಒಂದು ದಿನ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಹೇಳಿದ್ದಳು. ನನ್ನ ತಾಯಿಯನ್ನು ಕವಲಂದೆಗೆ ಕೊಟ್ಟಿದ್ದರು. ಬಾಣಂತನಕ್ಕೆ ಕರೆತರಲು ಗಾಡಿ ಕಳಿಸು ಎಂದು ಅಜ್ಜಿ ಹೇಳಿದಾಗ ಕಣದಲ್ಲಿ ರಾಗಿ ಇತ್ತು, ಮೋಡ ಕಟ್ಟಿತ್ತು. ತಾತ ಒಕ್ಕಣೆ ಮುಗಿಯಲಿ ಎಂದ. ಮೂರು ದಿನ ತಡವಾಗಿ ಗಾಡಿ ಹೋಯಿತು. ಹಿಂತಿರುಗಿದ ಗಾಡಿಯಲ್ಲಿ ಇದ್ದದ್ದು ಬಟ್ಟೆಯಲ್ಲಿ ಸುತ್ತಿದ ನಾನೊಬ್ಬಳೇ. ಅಂದಿನಿಂದ ಅಜ್ಜಿ ಗಂಡನ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ. ಇದನ್ನು ಕೇಳಿದ ಮೇಲೆ ಅವರಿಬ್ಬರ ನಡುವೆ ಮಾತು ಒಯ್ಯುವಾಗ ನನಗೆ ಭಯವಾಗತೊಡಗಿತು. ಒಂದು ಮಾತು ತಪ್ಪಿದರೆ ಏನೋ ಮುರಿದುಬೀಳುತ್ತದೆ ಎನ್ನಿಸುತ್ತಿತ್ತು.

ಆ ಬೆಳಿಗ್ಗೆ ವಾಡೆಯ ಹಿಂದೆ ಬಿದ್ದಿದ್ದವು ಎರಡು ಇಲಿ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಅದೇ ಮಾತು ಹೇಳಿದರು. ಪಿಳೇಗು ಎಂಬ ಆ ರೋಗದ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. 'ಇಲಿ ಬಿದ್ದದೆ' ಎಂದರೆ ಸಾಕಾಗಿತ್ತು. ಹೆಂಗಸರು ಪಾತ್ರೆಗಳನ್ನು ಗೋಣಿಗೆ ತುಂಬುವ ಸದ್ದು ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿರಲಿಲ್ಲ. ಮಾರನೆಯ ದಿನ ಸರ್ಕಾರದ ಆಳುಗಳು ಬಂದು ನಮ್ಮ ಮಾಡಿನ ಹೆಂಚು ತೆಗೆದು ಬಿಸಿಲು ಒಳಗೆ ಬಿಟ್ಟರು. ಎಂದೂ ಬೆಳಕು ಕಾಣದ ನಡುಮನೆಯಲ್ಲಿ ಆ ದಿನ ಸೂರ್ಯ ಬಿದ್ದದ್ದನ್ನು ನೋಡಿ ನನಗೆ ಅಳು ಬಂತು. ಮನೆಯ ಚರ್ಮ ಸುಲಿದ ಹಾಗೆ ಕಾಣುತ್ತಿತ್ತು. ನಾವು ಹಸು, ಎತ್ತುಗಳನ್ನು ಹೊಡೆದುಕೊಂಡು ನಮ್ಮ ಹೊಲಕ್ಕೆ ಹೋಗಿ ಗರಿಯ ಗುಡಿಸಲು ಕಟ್ಟಿಕೊಂಡೆವು. ಐವತ್ತು ಮಾರು ಆಚೆ ಕೆಂಪಮ್ಮನಿಗೂ ತಾತನೇ ಒಂದು ಗುಡಿಸಲು ಹಾಕಿಕೊಟ್ಟ. ಅಲ್ಲಿಂದ ನೋಡಿದರೆ ಊರು ಕಾಣುತ್ತಿತ್ತು. ಹೊಗೆ ಏಳದ ಊರು. ನಾಯಿ ಬೊಗಳಿದರೆ ಬಹಳ ಹೊತ್ತು ಬೊಗಳುತ್ತಿತ್ತು.

ಪ್ರತಿ ದಿನ ಬಿಸಿಲೇರುವ ಮುಂಚೆ ಪಿಳೇಗಿನ ಇನ್ಸ್‌ಪೆಕ್ಟರು ಬರುತ್ತಿದ್ದರು. ಖಾಕಿ ಕೋಟಿನ ತೆಳ್ಳಗಿನ ಮನುಷ್ಯ. ಹಿಂದೆ ಒಬ್ಬ ಜವಾನ. ಗುಡಿಸಲು ಗುಡಿಸಲಿಗೂ ತಲೆ ಎಣಿಸಿ, ಕಂಕುಳು ಮುಟ್ಟಿ ನೋಡಿ, ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ಒರಟಾಗಿ ಮಾತನಾಡಿದ್ದನ್ನು ನಾನು ಕೇಳಲಿಲ್ಲ. ಆದರೂ ಅವರ ಬೂಟಿನ ಸದ್ದು ಕೇಳಿದರೆ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಕಟ್ಟಿದವರನ್ನು ಗಾಡಿಯಲ್ಲಿ ಹಾಕಿಕೊಂಡು ಬಯಲಾಚೆಯ ಕ್ಯಾಂಪಿಗೆ ಒಯ್ಯುತ್ತಿದ್ದರು. ನಮ್ಮ ಬೀದಿಯಿಂದ ಹೋದ ಐವರಲ್ಲಿ ಒಬ್ಬರೂ ತಿರುಗಿ ಬಂದಿರಲಿಲ್ಲ.

ಗುಡಿಸಲಿಗೆ ಬಂದ ಆರನೆಯ ದಿನ ತಾತ ಏತದ ಬಳಿ ಕುಸಿದು ಕೂತ. ಅಜ್ಜಿ ಓಡಿಹೋದಳು, ನಾನೂ ಹಿಂದೆ ಓಡಿದೆ. ತಾತನ ಕಣ್ಣು ಕೆಂಡವಾಗಿತ್ತು. ಎಡಗೈಯನ್ನು ಮೈಗೆ ಸೋಕದಂತೆ ದೂರ ಹಿಡಿದಿದ್ದ. ಅವನು ನನ್ನ ಕಡೆ ನೋಡಿ, 'ಗೌರಿ, ಅಲ್ಲೇ ನಿಂತ್ಕೊ. ನಿಮ್ಮಜ್ಜಿಗೂ ದೂರ ಇರಾಕೆ ಯೋಳವ್ವ' ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವನ ಮುಂದೆ ಕೂತು, ಅವನ ಮುಖವನ್ನೇ ನೋಡಿ ಹೇಳಿದಳು: 'ನಂಗೆ ಕೇಳುಸ್ತದೆ. ಆ ಮಗೀನ ಯಾಕ್ ಕರೀತೀರಿ.'

ತಾತ ಕಣ್ಣು ಮುಚ್ಚಿಕೊಂಡ. ನನಗಂತೂ ಖುಷಿಯಾಗಲಿಲ್ಲ. ಒಂಬತ್ತು ವರ್ಷ ಆಡದಿದ್ದ ಮಾತನ್ನು ಅಜ್ಜಿ ಆಡಿದಳೆಂದರೆ ತಾತ ಸಾಯುತ್ತಾನೆ ಎಂದೇ ಅರ್ಥವಾಯಿತು.

ಅಜ್ಜಿ ಆಮೇಲೆ ಮಾಡಿದ್ದನ್ನೆಲ್ಲ ಒಂದು ಗಳಿಗೆಯೂ ಅನುಮಾನಿಸದೆ ಮಾಡಿದಳು. ಬಾಳೆತೋಟದ ನಟ್ಟನಡುವೆ, ಹೊರಗಿನಿಂದ ಕಾಣದ ಕಡೆ, ಎಲೆಗಳನ್ನು ಹಾಸಿ ಹೊದಿಸಿ ತಾತನಿಗೆ ಜಾಗ ಮಾಡಿದಳು. ಅವನು ಹೊದ್ದಿದ್ದ ಕಂಬಳಿ, ಮಲಗಿದ್ದ ಚಾಪೆಗಳನ್ನು ಸುಡಬೇಕೆಂದು ಬೇಲಿಯ ಹತ್ತಿರ ರಾಶಿ ಹಾಕಿ, 'ಅದುನ್ನ ಮುಟ್ಟೀಯೆ, ಜ್ವಾಕೆ' ಎಂದಳು. ನನ್ನನ್ನು ಕೆಂಪಮ್ಮನ ಗುಡಿಸಲಿನ ಹತ್ತಿರ ಕರೆದುಕೊಂಡು ಹೋಗಿ ದೂರದಲ್ಲೇ ನಿಂತು ಹೇಳಿದಳು: 'ಕೆಂಪವ್ವ, ನಮ್ಮೋರು ಎತ್ತು ನೋಡಾಕೆ ಎಮ್ಮಿಗೆಗೆ ಓಗವ್ರೆ. ನಾನು ತ್ವಾಟ ಕಾಯ್ಬೇಕು. ಈ ಮಗ ನಾಕ್ ದಿನ ನಿನ್ ತಾವೇ ಇರ್ಲಿ.' ಕೆಂಪಮ್ಮ ಅಜ್ಜಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. 'ಇರ್ಲಿ ಬಿಡವ್ವ, ನಾಗಿ ಜತೆಗೆ ಇದೂ ಒಂದು' ಎಂದಳು.

ಮಾರನೆಯ ಬೆಳಿಗ್ಗೆ ಇನ್ಸ್‌ಪೆಕ್ಟರು ನಮ್ಮ ಗುಡಿಸಲಿನಲ್ಲಿ ಅಜ್ಜಿಯನ್ನು ವಿಚಾರಿಸಿಕೊಂಡು ನೇರವಾಗಿ ನನ್ನ ಹತ್ತಿರ ಬಂದರು. ಮೊಣಕಾಲೂರಿ ಕೂತು, ಮೆತ್ತಗೆ ಕೇಳಿದರು.

'ಮಗು, ನಿಮ್ಮ ತಾತ ಎಲ್ಲಿ?'

'ಎಮ್ಮಿಗೆಗೆ ಓಗವ್ರೆ ಸಾ.'

'ಹೆಮ್ಮಿಗೆಗಾ? ಯಾವಾಗ ಹೋದ್ರು?'

'ನೆನ್ನೆ ಸಾ.'

'ನಡ್ಕೊಂಡೋ, ಗಾಡಿ ಕಟ್ಕೊಂಡೋ?'

ಎತ್ತುಗಳು ಅವರ ಬೆನ್ನ ಹಿಂದೆಯೇ ಮೇಯುತ್ತಿದ್ದವು. 'ನಡ್ಕಂಡೇ ಓದ್ರು' ಎಂದೆ. ನನ್ನ ಕಾಲ ಸಂದಿಯಿಂದ ಬೆಚ್ಚಗೆ ಉಚ್ಚೆ ಇಳಿಯುತ್ತಿದ್ದದ್ದು ಅವರಿಗೆ ಕಂಡಿತೋ ಇಲ್ಲವೋ. ಪಟ್ಟಿಯಲ್ಲಿ ಏನೋ ಬರೆದುಕೊಂಡು ಎದ್ದರು. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮ ಮಾತನಾಡಲಿಲ್ಲ.

ದಿನಕ್ಕೆ ಎರಡು ಸಲ ನಾನು ಕೆಂಪಮ್ಮ ಕರೆದ ನಮ್ಮ ಹಸುವಿನ ಹಾಲು ಇಸಿದುಕೊಂಡು ತೋಟದ ಬದುವಿನ ಮೇಲೆ ಇಟ್ಟು ಬರಬೇಕಿತ್ತು. ಅಲ್ಲಿ ನಿಂತರೆ ಒಳಗಿನಿಂದ ಅವರಿಬ್ಬರ ದನಿ ಬರುತ್ತಿತ್ತು. ಬಾಳೆಯೆಲೆಗಳ ಪರಪರ ಸದ್ದಿನ ನಡುವೆ ಒಂದು ಒಣಗಿದ ದನಿ, ಒಂದು ತಗ್ಗಿದ ದನಿ. ಜ್ವರ ಏರಿದಾಗ ತಾತ ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ, ಗಾಡಿ ಕಟ್ಟು, ಬೇಗ ಕಟ್ಟು ಎನ್ನುತ್ತಿದ್ದ. ಇಳಿದಾಗ ಮಾತು ತಿಳಿಯಾಗುತ್ತಿತ್ತು. 'ಮೂರ್ ದಿನ, ಸಿದ್ದಿ. ರಾಗಿ ನೆನೀತದೆ ಅನ್ಕಂಡೆ. ವರ್ಸದ ಕೂಳು ಓಯ್ತದೆ ಅನ್ಕಂಡೆ.' ಅಜ್ಜಿ, 'ನಾನೂ ಅನ್ಕಂಡಿದ್ದೆ. ಆಗ್ಲಿ ಅಂತ ನಾನೂ ಸುಮ್ಕಿದ್ದೆ' ಎಂದಳು. ಆಮೇಲೆ, 'ಗಂಜಿ ಕುಡೀರಿ' ಎಂದಳು. ಅವಳು ಅಳುತ್ತಿದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಲಿನ ಚೆಂಬು ಇಟ್ಟು, ಸದ್ದಾಗದ ಹಾಗೆ ಓಡಿಬಂದೆ.

ಆ ಓಟದಲ್ಲೇ ನಾನು ಮಾಡಬಾರದ್ದನ್ನು ಮಾಡಿದೆ. ಬೇಲಿಯ ಹತ್ತಿರ ಅಜ್ಜಿ ರಾಶಿ ಹಾಕಿದ್ದ ಬಟ್ಟೆಗಳಿಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ತಾತನ ಕರಿಕಂಬಳಿ ಮೇಲೆಯೇ ಇತ್ತು. ನಾನು ಹುಟ್ಟಿದಂದಿನಿಂದ ಮಲಗಿದ್ದದ್ದು ಆ ಕಂಬಳಿಯಲ್ಲಿ. ಕೆಂಪಮ್ಮನ ಗುಡಿಸಲಿನಲ್ಲಿ ಚಳಿ ತಡೆಯಲಾಗುತ್ತಿರಲಿಲ್ಲ. ಇದ್ದ ಒಂದು ಹಳೆ ಸೀರೆಯಲ್ಲಿ ನಾವು ಮೂವರೂ ಸುತ್ತಿಕೊಂಡು ಮಲಗುತ್ತಿದ್ದೆವು. ಚಳಿಗಿಂತ ಹೆಚ್ಚಾಗಿ ನನಗೆ ತಾತ ಬೇಕಾಗಿದ್ದ. ಕಂಬಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದೆ. ಕೆಂಪಮ್ಮ, 'ನಿಮ್ಮಜ್ಜಿ ಕೊಟ್ರಾ?' ಎಂದು ಕೇಳಿದಳು. ಹೂಂ ಎಂದೆ. ಆ ವಾರದ ನನ್ನ ಎರಡನೆಯ ಸುಳ್ಳು. ನಾಗಿ ಅದರೊಳಗೆ ನುಗ್ಗಿ ಮೂಗಿನವರೆಗೂ ಎಳೆದುಕೊಂಡು, 'ಎಷ್ಟ್ ಬೆಚ್ಚಗದೆ' ಎಂದು ಮೂರು ನಾಲ್ಕು ಸಲ ಹೇಳಿದಳು.

ಜ್ವರ ಬಂದ ಎಂಟನೆಯ ದಿನ ತಾತನ ಗೆಡ್ಡೆ ಒಡೆಯಿತು. ಜ್ವರ ಇಳಿಯಿತು. ಅಜ್ಜಿ ಬದುವಿನ ತನಕ ಬಂದು, ಕೈಯೆತ್ತಿ ನನಗೆ ಸನ್ನೆ ಮಾಡಿದಳು. ಅದೇ ಬೆಳಿಗ್ಗೆ ನಾಗಿ ಏಳಲಿಲ್ಲ. ಮೈ ಸುಡುತ್ತಿತ್ತು, ತೊಡೆಯ ಸಂದಿಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಬಚ್ಚಿಡಲು ಕೆಂಪಮ್ಮನಿಗೆ ತೋಟವಿರಲಿಲ್ಲ. ಇನ್ಸ್‌ಪೆಕ್ಟರು ಬಂದರು, ನೋಡಿದರು, ತಲೆ ತಗ್ಗಿಸಿ ಜವಾನನಿಗೆ ಗಾಡಿ ತರಲು ಹೇಳಿದರು. ಕೆಂಪಮ್ಮ ಮಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಗಾಡಿ ಹತ್ತಿದಳು. ಎರಡು ದಿನ ಕಳೆದು ಒಬ್ಬಳೇ ನಡೆದು ಬಂದಳು. ಕೈಯಲ್ಲಿ ನಾಗಿಯ ಎರಡು ಕರಿಬಳೆ ಇದ್ದವು.

ನನಗೇಕೆ ಏನೂ ಆಗಲಿಲ್ಲವೋ ಗೊತ್ತಿಲ್ಲ. ಎಷ್ಟೋ ವರ್ಷಗಳ ಮೇಲೆ ಮೈಸೂರಿನಲ್ಲಿ ಒಬ್ಬ ಡಾಕ್ಟರು ಮಾತಿಗೆ ಮಾತು ಬಂದು ಹೇಳಿದರು, ಆ ರೋಗವನ್ನು ಒಯ್ಯುವುದು ಚಿಗಟ, ಅದು ಹಾಸಿಗೆ ಹೊದಿಕೆಗಳಲ್ಲಿ ಕೂತು ಬರುತ್ತದೆ ಎಂದು. ಊರಿನ ಇಲಿಯಿಂದ ನಾಗಿಗೆ ಬಂತೋ, ನಾನು ತಂದದ್ದೋ ಯಾರೂ ಹೇಳಲಾರರು. ನನಗೆ ಮಾತ್ರ ಒಂಬತ್ತನೆಯ ವಯಸ್ಸಿನಲ್ಲೇ, ಯಾವ ಡಾಕ್ಟರೂ ಹೇಳುವ ಮುಂಚೆಯೇ ಗೊತ್ತಿತ್ತು.

ಬೇಸಿಗೆ ಬಂದ ಮೇಲೆ ಊರಿಗೆ ಮರಳಿದೆವು. ತಾತ ಹೆಂಚು ಹೊದಿಸಿದ, ಅಜ್ಜಿ ನೆಲ ಸಾರಿಸಿದಳು. ಅವರು ಈಗ ಒಬ್ಬರಿಗೊಬ್ಬರು ಮಾತನಾಡುತ್ತಿದ್ದರು. ಬಾಳೆಕಂದಿನ ಬಗ್ಗೆ, ಹಸುವಿನ ಬಗ್ಗೆ, ಸಾಮಾನ್ಯ ಗಂಡಹೆಂಡತಿಯರ ಹಾಗೆ. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾದರೆ ಮಾತು ನಿಲ್ಲುತ್ತಿತ್ತು. ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಸೋಮವಾರ ಅಜ್ಜಿ ನನ್ನ ಕೈ ಹಿಡಿದುಕೊಂಡು ಕೆಂಪಮ್ಮನ ಮನೆಗೆ ಹೋದಳು. ಕೆಂಪಮ್ಮ ಅಕ್ಕಿ ಕೇರುತ್ತಿದ್ದಳು. ಅಜ್ಜಿ ಕೂರಲಿಲ್ಲ.

'ಕೆಂಪವ್ವ, ನಮ್ಮೋರು ಎಮ್ಮಿಗೆಗೆ ಓಗಿರ್ನಿಲ್ಲ.'

'ಗೊತ್ತು ಕಣವ್ವ' ಎಂದಳು ಕೆಂಪಮ್ಮ, ಮೊರ ನಿಲ್ಲಿಸದೆ. 'ನರಳೋದು ನಂಗೂ ಕೇಳ್ತಿತ್ತು. ಇನ್ಸ್‌ಪೆಕ್ಟರು ಕೇಳ್ದಾಗ ನಾನೂ ಸುಮ್ನಿದ್ದೆ. ನನ್ ಗಂಡ ಬದುಕಿದ್ದು, ಅಂಗೇ ಆಗಿದ್ರೆ, ನಾನೂ ಬಚ್ಚಿಡ್ತಿದ್ದೆ.' ಮೊರ ಕೆಳಗಿಟ್ಟು ಮತ್ತೆ ಹೇಳಿದಳು: 'ನೀನು ಅಷ್ಟ್ ಕಷ್ಟದಾಗೂ ಆ ಕಂಬ್ಳಿ ಕಳ್ಸಿದ್ದೆ. ನನ್ ನಾಗಿ ಕಡೇಲಿ ನಾಕ್ ದಿನ ಬೆಚ್ಚಗೆ ಮನಗಿತ್ತು. ಅದುನ್ನ ಮರೆಯಕ್ಕಿಲ್ಲ ನಾನು.'

ನನ್ನ ಕೈಯನ್ನು ಹಿಡಿದಿದ್ದ ಅಜ್ಜಿಯ ಕೈ ಬಿಗಿಯಾಯಿತು. ಅವಳು ಬಗ್ಗಿ ನನ್ನನ್ನು ನೋಡಿದಳು. ಆ ನೋಟವನ್ನು ವಿವರಿಸಲು ನನಗೆ ಇಂದಿಗೂ ಸಾಧ್ಯವಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆಮೇಲೆ ಕೆಂಪಮ್ಮನ ಕಡೆ ತಿರುಗಿ, 'ಊಂ, ನಾನೇ ಕಳ್ಸಿದ್ದೆ' ಎಂದಳು.

ಮನೆಗೆ ಬಂದ ಮೇಲೆ ಅವಳು ಏನೂ ಕೇಳಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ತಾತನಿಗೂ ಹೇಳಿದ ಹಾಗೆ ಕಾಣಲಿಲ್ಲ. ಅಂದಿನಿಂದ ಪ್ರತಿ ಗೊನೆಯ ಮೊದಲ ಚಿಪ್ಪು ಕೆಂಪಮ್ಮನ ಮನೆಗೆ ಹೋಗುತ್ತಿತ್ತು, ಅದನ್ನು ಅಜ್ಜಿ ತಾನೇ ಒಯ್ದು ಕೊಡುತ್ತಿದ್ದಳು. ನನ್ನನ್ನು ಕಳಿಸುತ್ತಿರಲಿಲ್ಲ.

ತಾತ ಇನ್ನೂ ಹನ್ನೆರಡು ವರ್ಷ ಬದುಕಿದ, ಅಜ್ಜಿ ಹದಿಮೂರು. ಇಬ್ಬರನ್ನೂ ಆ ಬಾಳೆತೋಟದ ಅಂಚಿನಲ್ಲೇ ಅಕ್ಕಪಕ್ಕ ಮಣ್ಣು ಮಾಡಿದರು. ತೋಟ ಈಗ ಬೇರೆಯವರದು, ಮನೆ ಇಲ್ಲ. ನನ್ನನ್ನು ಸುತ್ತೂರಿನ ಕಡೆಗೆ ಮದುವೆ ಮಾಡಿಕೊಟ್ಟ ದಿನ ಮಡಿಲಕ್ಕಿ ಹಾಕುವಾಗ ತಾಯಿಯ ಜಾಗದಲ್ಲಿ ನಿಂತದ್ದು ಕೆಂಪಮ್ಮನೇ. ಗಂಡ ಹೋದವಳು ಮುಟ್ಟಬಾರದು ಎಂದು ಯಾರೋ ಗೊಣಗಿದರು. ಅಜ್ಜಿ ಅವರ ಮಾತು ಕೇಳಿಸಿಕೊಳ್ಳಲಿಲ್ಲ. ಕೆಂಪಮ್ಮ ಸೆರಗಿಗೆ ಅಕ್ಕಿ ಸುರಿದು, ನನ್ನ ಗದ್ದ ಹಿಡಿದೆತ್ತಿ, 'ಉಂಡ್ಕಂಡು ಉಟ್ಕಂಡು ಚೆಂದಾಗಿರು ಮಗಾ. ನಮ್ ನಾಗಿ ಇದ್ದಿದ್ರೆ ಅವ್ಳದೂ ಈ ವರ್ಸವೇ ಆಗ್ತಿತ್ತು' ಎಂದಳು. ಕಂಬಳಿಯ ಮಾತನ್ನು ಹೇಳಿಬಿಡಬೇಕು ಎಂದು ನನ್ನ ಬಾಯಿ ತೆರೆದಿತ್ತು. ಆಕೆಯ ಹಿಂದೆ ನಿಂತಿದ್ದ ಅಜ್ಜಿ ಮೆಲ್ಲಗೆ, ನನಗೆ ಮಾತ್ರ ಕಾಣುವ ಹಾಗೆ, ಬೇಡ ಎಂದು ತಲೆಯಾಡಿಸಿದಳು.

ಗಾಡಿ ಹೊರಟಿತು. ವರ್ಷಗಳು ಕಳೆದು, ಕೆಂಪಮ್ಮ ತೀರಿಕೊಂಡ ಸುದ್ದಿ ನನ್ನ ಗಂಡನ ಊರಿಗೆ ಬಂದಾಗ ನಾಲ್ಕು ದಿನ ಆಗಿಹೋಗಿತ್ತು. ಅವಳಿಗೆ ಮಣ್ಣು ಹಾಕಲೂ ನಾನು ಇರಲಿಲ್ಲ.